ಮಲಗಿದ ಗಿಡದ ಅಳತೆ

ಹೆಂಡತಿ: ಈ ಡ್ರಮ್ಮು ಬೇಡ ಅಂತ ನಾನು ಆಗ್ಲೇ ಹೇಳಿದೆ.

ಟೈಲರ್: ಡ್ರಮ್ಮಲ್ಲ ಕಣೇ, ಕುಂಡ. ಆಳ ಇಪ್ಪತ್ತಮೂರು ಇಂಚು. ಗಿಡದ ಎತ್ತರ ಇಪ್ಪತ್ತೊಂದು. ಬೆಳೆಯೋಕೆ ಅಂತ ಎರಡು ಬಿಟ್ಟಿದ್ದೀನಿ.

ಹೆಂಡತಿ: ಮೊದಲನೇ ಗಿಡಕ್ಕೂ ಎರಡು ಬಿಟ್ರಿ. ಎರಡನೇದಕ್ಕೂ ಬಿಟ್ರಿ. ಎರಡೂ ಕೊಳೆತು ಹೋದ್ವು.

ಕುಂಡದಂಗಡಿಯ ಹೊಸ್ತಿಲಿಗೆ ಬೆಳಗಿನ ಬಿಸಿಲು ಬಂದು ನಿಂತಿತ್ತು. ಗೋಡೆಯುದ್ದಕ್ಕೂ ಮಣ್ಣಿನ ಕುಂಡಗಳು ಬಾಯಿ ತೆರೆದುಕೊಂಡು ಕೂತಿದ್ದವು, ಯಾರಾದರೂ ಏನಾದರೂ ಹಾಕಲಿ ಎಂಬಂತೆ. ಮೇಜಿನ ಅಂಚಿನಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲವೊಂದರಲ್ಲಿ, ಜಗಳಕ್ಕೆ ಕಾರಣವಾದ ಗಿಡವಿತ್ತು. ನೆಲದ ಮೇಲೆ ಹರಡುವ ಜಾತಿ. ಅಂಗಿಯ ಗುಂಡಿಯಷ್ಟೇ ಅಗಲದ ಎಲೆಗಳು. ಮೂರು ವಾರದಿಂದ ಅದು ಅಲ್ಲೇ ಇತ್ತು. ಟ್ರಯಲ್ ನೋಡದೆ ಯಾವ ಗಿರಾಕಿಗೂ ಬಟ್ಟೆ ಕೊಟ್ಟವರಲ್ಲ ಟೈಲರ್. ಗಿಡಕ್ಕೂ ವಾರಕ್ಕೊಂದು ಕುಂಡದ ಟ್ರಯಲ್ ನಡೆಸುತ್ತಿದ್ದರು.

ಅಂಗಡಿಯಾಕೆ: ಟೈಲರಣ್ಣ, ಅಳತೆ ಚೀಟಿ ಸ್ವಲ್ಪ ಕೊಡಿ ಇಲ್ಲಿ. (ಓದುತ್ತಾಳೆ) ಕುತ್ತಿಗೆ, ಇಲ್ಲ. ಸೊಂಟ, ಸಿಗಲಿಲ್ಲ. ಎಡತೋಳು ಹದಿನೆಂಟು, ಬಲತೋಳು ಇಪ್ಪತ್ತೊಂದು.

ಟೈಲರ್: ಮೆಲ್ಲಗೆ ಓದಮ್ಮ. ಒಂದು ತೋಳು ಗಿಡ್ಡ ಅಂತ ಗಿರಾಕಿ ಎದುರಿಗೇ ಹೇಳಬಾರದು.

ಅಂಗಡಿಯಾಕೆ: ಎತ್ತರ ಇಪ್ಪತ್ತೊಂದು ಅಂತ ಬೇರೆ ಬರೆದಿದೀರ. ಇದು ಎದ್ದು ನಿಂತಿದ್ದನ್ನ ನಾನಂತೂ ನೋಡಿಲ್ಲ.

ಟೈಲರ್: ತುದಿ ಹಿಡಿದು ನಿಲ್ಲಿಸಿದೆ. ನಲವತ್ತು ವರ್ಷದ ಕಸುಬು ನಂದು, ಒಬ್ಬರನ್ನೂ ಮಲಗಿಸಿ ಅಳತೆ ತಗೊಂಡಿಲ್ಲ.

ಅಂಗಡಿಯಾಕೆ: ಇದು ಹುಟ್ಟಿದಾಗಿನಿಂದ ಮಲಗೇ ಇದೆ ಅಣ್ಣ. ಬೇರು ಮೂರು ಇಂಚು ಕೂಡ ಇಳಿಯಲ್ಲ. ಅಷ್ಟು ಆಳದ ಕುಂಡದಲ್ಲಿ ಕೆಳಗೆಲ್ಲ ಬರೀ ನೀರು ನಿಲ್ಲುತ್ತೆ. ಅಗಲವಾಗಿರಬೇಕು, ಆಳ ಇರಬಾರದು, ತಳದಲ್ಲಿ ತೂತು ಇರಬೇಕು.

ಟೈಲರ್: ತೂತಾ? ಹೊಸ ಸಾಮಾನಿಗೆ ತೂತು ಮಾಡಿ ಕೊಡೋರನ್ನ ಇವತ್ತೇ ನೋಡಿದ್ದು.

ಹೆಂಡತಿ: ರೀ, ತಮಾಷೆ ಸಾಕು. ನಾಲ್ಕು ಗಂಟೆಗೆ ಗಿಡ ನೋಡೋಕೆ ಅಕ್ಕ ಬರ್ತಾಳೆ. (ಅಂಗಡಿಯಾಕೆಗೆ) ನಮ್ಮಮ್ಮ ನೆಟ್ಟ ಗಿಡದ ತುಂಡಮ್ಮ ಇದು. ಮೂಲ ಅಕ್ಕನ ಮನೇಲಿದೆ. ಇದು ಮೂರನೇದು. ಇದನ್ನೂ ಕೊಂದ್ರೆ ಇನ್ನು ಒಂದೆಲೆ ಕೂಡ ಕೊಡಲ್ಲ ಅಂದಿದಾಳೆ.

ಟೈಲರ್: ಕೊಂದ್ರೆ ಅಂತ ಯಾಕಂತಾರೆ? ಕುಂಡ ಸಡಿಲವಾಗಿತ್ತು ಅಷ್ಟೆ.

ಅವರು ಬಾಣಲೆಯ ಆಕಾರದ ಕುಂಡವೊಂದನ್ನು ಎತ್ತಿ ಗಿಡದ ಪಕ್ಕದಲ್ಲಿಟ್ಟರು. ಒಂದು ಕಣ್ಣು ಮುಚ್ಚಿ ನೋಡಿದರು. ಬಗ್ಗಿದರು.

ಟೈಲರ್: (ಗಿಡಕ್ಕೆ) ಕಂಕುಳಲ್ಲಿ ಹಿಡಿಯುತ್ತಾ?

ಹೆಂಡತಿ: ಹಿಡಿಯಲ್ವಂತೆ. ಕಟ್ಟಿಸಿ.

ಟೈಲರ್: ಅದು ಹೇಳಲಿ.

ಹೆಂಡತಿ: ನಾನು ಮಾತಾಡಿದ್ರೇ ನಿಮಗೆ ಕೇಳಿಸಲ್ಲ. ಅದು ಮಾತಾಡಿದ್ರೆ ಕೇಳಿಸುತ್ತಾ?

ಟೈಲರ್: ಬಲತೋಳು ಆಚೆ ಜೋತುಬೀಳುತ್ತೆ ಕಣೇ. ಇಷ್ಟು ದಿನದಲ್ಲಿ ಇನ್ನೂ ಉದ್ದ ಆಗಿದೆ. ಸ್ವಲ್ಪ ಕತ್ತರಿಸಿ ಅಂಚು ಮಡಚಿದ್ರೆ...

ಕತ್ತರಿ ಅವರ ಜೇಬಿನಿಂದ ಹೊರಬರುವಷ್ಟರಲ್ಲಿ ಹೆಂಡತಿ ಗಿಡವನ್ನು ಬಾಚಿ ಎತ್ತಹೋದರು. ಗಿಡ ಬರಲಿಲ್ಲ. ಬಲತೋಳು ಮೇಜಿನಿಂದ ಕೆಳಗಿಳಿದು ಯಾವುದನ್ನೋ ಹಿಡಿದುಕೊಂಡಿತ್ತು. ಮೂವರೂ ಬಗ್ಗಿ ನೋಡಿದರು. ಮೇಜಿನ ಕೆಳಗೆ ಒಂದು ಅಗಲವಾದ ಮಣ್ಣಿನ ತಟ್ಟೆ, ಅದರ ತುಂಬ ಮರಳು ಬೆರೆತ ಮಣ್ಣು. ಮಣ್ಣಿನ ಮೇಲೆ ಪುಟ್ಟ ಎಲೆಗಳು ಸದ್ದಿಲ್ಲದೆ ಹರಡಿ, ಗಿಣ್ಣುಗಿಣ್ಣಿಗೂ ಬೇರು ಬಿಟ್ಟಿದ್ದವು.

ಟೈಲರ್: ಇದಕ್ಕೆ ಅಳತೆ ತಗೊಂಡೋರು ಯಾರು?

ಅಂಗಡಿಯಾಕೆ: ಯಾರೂ ಇಲ್ಲ. ಚಕ್ರದ ಮೇಲೇ ಸೊಟ್ಟಗಾದ ತಟ್ಟೆ ಅದು. ತಳ ಬೇರೆ ಬಿರುಕು ಬಿಟ್ಟು ಸೋರುತ್ತೆ. ಮಾರೋಕಾಗಲ್ಲ ಅಂತ ಮಣ್ಣು ತುಂಬಿಟ್ಟಿದ್ದೆ. ಗಿಡ ತಾನೇ ಇಳಿದಿದೆ. ಹಾಗೇ ಬಿಟ್ರೆ ತನ್ನ ಜಾಗ ತಾನೇ ಹುಡುಕ್ಕೊಳ್ಳುತ್ತೆ ನೋಡಿ.

ಟೈಲರ್ ಟೇಪು ಬಿಚ್ಚಿದರು. ತಟ್ಟೆ ಒಂದು ಕಡೆ ಹದಿನೆಂಟು ಇಂಚು, ಇನ್ನೊಂದು ಕಡೆ ಇಪ್ಪತ್ತೊಂದು. ಆಳ ಮೂರು. ಎರಡು ಸಲ ಅಳೆದು, ಟೇಪನ್ನು ಮೆಲ್ಲಗೆ ಸುತ್ತಿ ಕೊರಳಿಗೆ ಹಾಕಿಕೊಂಡರು.

ಹೆಂಡತಿ: ಎಷ್ಟಾದ್ರೂ ಆಗಲಮ್ಮ, ಈ ತಟ್ಟೇನೇ ಕೊಡು.

ಅಂಗಡಿಯಾಕೆ: ಇದಕ್ಕೇನು ತಗೊಳ್ಳಲಿ, ಹಾಗೇ ಒಯ್ಯಿರಿ. ಅಂದಹಾಗೆ ಟೈಲರಣ್ಣ, ನನ್ನ ಕೋಟು ಆಯ್ತಾ? ಚಳಿಗೆ ಅಂತ ಕೊಟ್ಟಿದ್ದೆ. ಈಗ ಬೇಸಿಗೆ.

ಟೈಲರ್: ಆಗೇಹೋಯ್ತು ಅಂದ್ಕೊಳ್ಳಮ್ಮ. ಶನಿವಾರ.

ಅಂಗಡಿಯಾಕೆ: ಇವತ್ತೇ ಶನಿವಾರ.

ಟೈಲರ್: ಮುಂದಿನ ಶನಿವಾರ.

ಅಂಗಡಿಯಾಕೆ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಒಳಕ್ಕೆ ಸರಿಸಿದಳು.

ಅಂಗಡಿಯಾಕೆ: ಹಾಗಾದ್ರೆ ತಟ್ಟೇನೂ ಮುಂದಿನ ಶನಿವಾರ. ಟ್ರಯಲ್ ಮಾತ್ರ ಬಾಕಿ ಇದೆ.

ಹೆಂಡತಿ ಗೋಡೆಯ ಗಡಿಯಾರ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಹೆಗಲಿನ ಚೀಲ ಇಳಿಸಿ, ಕಾಗದ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟರು.

ಹೆಂಡತಿ: ತಗೋಮ್ಮ ನಿನ್ನ ಕೋಟು. ನಾಲ್ಕು ತಿಂಗಳಿಂದ ಬರೀ ಗುಂಡಿಗೋಸ್ಕರ ಗೂಟಕ್ಕೆ ನೇತಾಡ್ತಿತ್ತು. ಬೆಳಿಗ್ಗೆ ಗುಂಡಿ ನಾನೇ ಹೊಲಿದೆ.

ಟೈಲರ್: ನನಗೆ ಹೇಳದೆ ತಂದ್ಯಾ?

ಹೆಂಡತಿ: ನಿಮ್ಮ ಜೊತೆ ಯಾರಂಗಡಿಗೆ ಹೊರಟ್ರೂ ಅವರ ಬಟ್ಟೆ ಮೊದಲು ಚೀಲಕ್ಕೆ ಹಾಕ್ಕೋತೀನಿ. ಇಲ್ಲದಿದ್ರೆ ನಮ್ಮನೆಗೆ ಹಾಲೂ ಬರಲ್ಲ.

ತಟ್ಟೆ ಹೊರಬಂತು. ಹೆಂಡತಿ ಚೀಲದ ಗಿಡವನ್ನು ಅದರ ಮೇಲಿಟ್ಟು, ಮಗುವಿನಂತೆ ಎದೆಗವಚಿಕೊಂಡರು. ಎಲೆಗಳು ಅವರ ಮೊಣಕೈಯನ್ನು ಮುಟ್ಟಿ ತೂಗಿದವು. ಅಷ್ಟರಲ್ಲಿ ಅಂಗಡಿಯಾಕೆ ಕೋಟು ತೊಟ್ಟಾಗಿತ್ತು. ತೋಳುಗಳು ಬೆರಳುಗಳನ್ನು ನುಂಗಿ, ಇನ್ನೂ ಕೆಳಗಿಳಿದು, ಮೇಜಿನ ಮೇಲೆ ಮಲಗಿದ್ದವು.

ಅಂಗಡಿಯಾಕೆ: ಅಣ್ಣ, ಇದೇನಿದು? ನನಗೆ ನಲವತ್ತೆಂಟು ವರ್ಷ.

ಟೈಲರ್: ಬೆಳೆಯೋಕೆ ಅಂತ ಎರಡಿಂಚು ಬಿಟ್ಟಿದ್ದು... ತಾಳು, ಅಂಚು ಮಡಚಿ ಕೊಡ್ತೀನಿ.

ಹೆಂಡತಿ ಆಗಲೇ ಹೊಸ್ತಿಲು ದಾಟಿದ್ದರು. ತಿರುಗಿ ನೋಡದೆ ಹೇಳಿದರು:

ಹೆಂಡತಿ: ರೀ, ಕತ್ತರಿ ಒಳಗಿಡಿ. ಹಾಗೇ ಬಿಟ್ರೆ ತನ್ನ ಜಾಗ ತಾನೇ ಹುಡುಕ್ಕೊಳ್ಳುತ್ತೆ.