ಐದು ಕಂಪ್ಯೂಟರು, ಒಂದು ಕುರಿ

ಜಿಲ್ಲಾ ಪಟ್ಟಣದ ಕಿವುಡರ ಸಂಘದ ಕಾರ್ಖಾನೆಯಿಂದ ಕೋಕ್‌ಬುಲಾಕ್ ಎಂಬ ಕಿರ್ಗಿಜ್ ಹಳ್ಳಿಯ ಆಡಳಿತ ಕಚೇರಿ ಐದು ಕಂಪ್ಯೂಟರು ಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಫಜೀತಿ ಶುರುವಾದದ್ದು, ಅವನ್ನು ಕೂಡಿಸಲು ಬರುವವರಿಗೆ ಊಟ ಯಾರ ಮನೆಯಲ್ಲಿ ಎಂದು ಅಧ್ಯಕ್ಷ ಶೈಲೋಬೆಕ್ ಬೆಳಿಗ್ಗೆ ಕೇಳಿದಾಗ. ಪ್ರಶ್ನೆ ಪೂರ್ತಿ ಬಾಯಿಂದ ಬೀಳುವ ಮೊದಲೇ ಗುಮಾಸ್ತ ಬೈಸಲ್ "ನಮ್ಮನೇಲಿ" ಅಂದುಬಿಟ್ಟ.

ಎಲ್ಲರೂ ಅವನತ್ತ ತಿರುಗಿದರು. ಬೈಸಲ್‌ನ ಹೆಂಡತಿ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಅವಳ ಹೆಸರಿನ ವರ್ಷದ ಊಟ ಉಂಡು ಹೋದ ಜನ ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ಮುನಿಸೇನಿಲ್ಲ. ಹೆಂಗಸಿಲ್ಲದ ಮನೆಗೆ ಹೋಗಿ ತೊಂದರೆ ಕೊಡಬಾರದೆಂಬ ಮರ್ಯಾದೆ, ಅಷ್ಟೆ. ಆ ಹಾಳು ಮರ್ಯಾದೆಯೇ ಅವನ ಜೀವ ತಿನ್ನುತ್ತಿತ್ತು. ರೇಡಿಯೋದಲ್ಲಿ ಹವಾಮಾನ ಓದುವವಳಿಗೆ "ಹೌದಾ? ಹಿಮ ಬೀಳುತ್ತಾ?" ಎಂದು ಉತ್ತರ ಕೊಡುವ ಮಟ್ಟಕ್ಕೆ ಅವನು ಬಂದಿದ್ದ.

"ಹಿಟ್ಟು ನಾದೋರು ಯಾರು? ನಿನ್ನ ಬೆಕ್ಕಾ?" ಎಂದಳು ಲೆಕ್ಕ ಬರೆಯುವ ಕಲಿಚಾ. ಊರಿಗೆಲ್ಲ ಅವಳು ಎಜೆ, ಅಂದರೆ ದೊಡ್ಡಕ್ಕ.

"ನಾನೇ ನಾದ್ತೀನಿ ಎಜೆ. ಇರೋ ಒಂದು ಕುರೀನ ಕಡಿಸ್ತೀನಿ. ನೀವೆಲ್ಲ ಬರಬೇಕು."

"ಕುರಿ ಅಂದ್ಮೇಲೆ ಚರ್ಚೆ ಯಾಕೆ," ಎಂದು ಅಧ್ಯಕ್ಷರು ಸಭೆ ಮುಗಿಸಿದರು.

ಬೈಸಲ್ ಮನೆಗೆ ಓಡಿ, ಪಕ್ಕದ ಮನೆಯವನಿಂದ ಕುರಿ ಕಡಿಸಿ, ಮಾಂಸವನ್ನು ಕಡಾಯಿಗೆ ಹಾಕಿ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಕಚೇರಿಗೆ ಮರಳಿದ. ಅಷ್ಟರಲ್ಲಿ ಸಂಘದವರು ಬಂದು ನಾಲ್ಕು ಕಂಪ್ಯೂಟರು ಕೂಡಿಸಿಯೂ ಆಗಿತ್ತು. ಕೆಲಸ ಮಾಡುತ್ತಿದ್ದವರು ದೋರೊನ್ ಮೇಸ್ತ್ರಿ, ನರೆತ ಗಡ್ಡದ ಕಿವುಡರು. ಊರುಗೋಲು ಹಿಡಿದು ಪಕ್ಕದಲ್ಲಿ ನಿಂತ ಸೈರಾ ಅವರ ಕೈಮಾತನ್ನು ಬಾಯಿಮಾತು ಮಾಡುತ್ತಿದ್ದಳು.

"ಇದೊಂದು ಆದ್ರೆ ಹೊರಟ್ವಿ," ಎಂದಳು ಸೈರಾ. "ಕಣಿವೆ ದಾರಿ ನೋಡಿ, ಊಟಕ್ಕೆ ಕೂರೋಕಾಗಲ್ಲ. ಒಂದು ಚೂರು ರೊಟ್ಟಿ ಬಾಯಿಗೆ ಮುಟ್ಟಿಸ್ಕೊಂಡು ಹೋಗ್ತೀವಿ."

ಬೈಸಲ್ ಮನೆಯ ಕಡಾಯಿ ನೆನೆದ. ಮುದಿ ಕುರಿ; ಬೇಯಲು ಇನ್ನೂ ಎಷ್ಟೋ ಹೊತ್ತು ಬೇಕು. ಎಲ್ಲರೂ ಪರದೆ ನೋಡುತ್ತಿದ್ದಾಗ ಅವನು ಐದನೆಯ ಕಂಪ್ಯೂಟರಿನ ಕರೆಂಟು ಕೇಬಲ್ಲನ್ನು ಸುತ್ತಿ ತನ್ನ ಬೂಟಿನೊಳಗೆ ತುರುಕಿದ.

ಹುಡುಕಾಟ ಶುರುವಾಯಿತು. ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿದರು, ವ್ಯಾನು ಜಾಲಾಡಿದರು. ಕಲಿಚಾಳ ನಾಲಿಗೆಗೆ ಕೆಲಸ ಸಿಕ್ಕಿತು. "ಅವರ ಹತ್ರ ತಗೋಬೇಡಿ ಅಂತ ಬಡ್ಕೊಂಡೆ. ನಾಲ್ಕು ತಂದು ಐದು ಅಂತಾರೆ. ಕೇಳಿದ್ರೆ ಕೇಳ್ಸಲ್ಲ."

"ಅವರಿಗೆ ಕೇಳ್ಸಲ್ಲ ಎಜೆ. ನನಗೆ ಚೆನ್ನಾಗಿ ಕೇಳ್ಸುತ್ತೆ," ಎಂದಳು ಸೈರಾ.

ಮೇಸ್ತ್ರಿಯ ಕೈಗಳು ಚುರುಕಾಗಿ ಆಡಿದವು. "ಪೆಟ್ಟಿಗೆ ಕಟ್ಟಿದ್ದು ನಾನೇ, ಐದೂ ಇಟ್ಟಿದ್ದೆ ಅಂತಿದಾರೆ," ಎಂದಳು. ಮುದುಕರು ಖಾಲಿ ಪೆಟ್ಟಿಗೆಯೊಳಗೆ ಮತ್ತೆ ಮತ್ತೆ ಕೈಯಾಡಿಸಿದರು. ಅವರ ಮುಖ ಬಾಡಿದ್ದು ಕಂಡು ಬೈಸಲ್‌ಗೆ ನಾಚಿಕೆಯಾಯಿತು. ತಾನೆಂಥ ಪಾಪಿ ಅನ್ನಿಸಿತು. ಮೆಲ್ಲಗೆ ಬಾಗಿಲ ಕಡೆ ಕುಂಟಿದ.

"ಕಾಲಿಗೇನಾಯ್ತೋ?" ಕಲಿಚಾ ಬಿಡುವವಳೇ?

"ಉಳುಕಿದೆ ಎಜೆ."

ಅವನು ಕುಂಟುವುದನ್ನು ಕಂಡ ದೋರೊನ್, ತಮ್ಮ ಚಿಂತೆ ಬದಿಗಿಟ್ಟು, ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಎದುರು ಕುಕ್ಕರಗಾಲಿನಲ್ಲಿ ಕೂತು ಬೂಟಿಗೇ ಕೈ ಹಾಕಿದರು. ಬೈಸಲ್ ಚೇಳು ಕಚ್ಚಿದವನಂತೆ ಎದ್ದು ಹೊರಗೆ ಓಡಿದ. ಒಂದು ಗಳಿಗೆ ಬಿಟ್ಟು ಕೇಬಲ್ಲು ಹಿಡಿದು ಬಂದು, "ಪಡಸಾಲೆಯ ಚಳಿ ಕಾಯೋ ಒಲೆ ಹಿಂದೆ ಬಿದ್ದಿತ್ತು," ಎಂದ.

ಮೇಸ್ತ್ರಿ ಅದನ್ನು ಕೈಗೆ ತಗೊಂಡರು. ಬೆಚ್ಚಗಿತ್ತು. ಮೂಸಿದರು. ಬೈಸಲ್‌ನ ಬೂಟು ನೋಡಿದರು, ತೋಳಿಗಂಟಿದ ಹಿಟ್ಟು ನೋಡಿದರು. ಆಮೇಲೆ ಸೈರಾಳ ಕಡೆ ತಿರುಗಿ ಎರಡೇ ಸಲ ಕೈ ಆಡಿಸಿದರು.

"ಊಟ ಮಾಡ್ಕೊಂಡೇ ಹೋಗೋಣ ಅಂತಿದಾರೆ," ಎಂದಳು ಅವಳು ಆಶ್ಚರ್ಯದಿಂದ.

ಸಂಜೆ ಹೊತ್ತಿಗೆ ಬೈಸಲ್‌ನ ಮನೆ ತುಂಬಿಹೋಯಿತು. ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ದೋರೊನ್, ಆಚೀಚೆ ಅಧ್ಯಕ್ಷರು, ಕಚೇರಿಯವರು. ಹಿಟ್ಟು ಸರಿಯಾಗಿ ನಾದಿಲ್ಲವೆಂದು ಬೈದು ಕಲಿಚಾ ತಾನೇ ನಾದಿದಳು. ಸೈರಾಳಿಗೆ ಜಾಮು ಬಡಿಸಿ, "ಬೆಳಿಗ್ಗೆ ಅಂದಿದ್ದು ಮನಸಿಗೆ ಹಚ್ಕೋಬೇಡ ತಾಯಿ," ಎಂದೂ ಸೇರಿಸಿದಳು. ಅಧ್ಯಕ್ಷರು ಹಳೆಯ ಜೋಕು ಹೇಳಿದರು, ಎಲ್ಲರೂ ಹೊಸದೆಂಬಂತೆ ನಕ್ಕರು. "ಬೈಸಲ್, ಇನ್ಮೇಲೆ ಶುಕ್ರವಾರ ಶುಕ್ರವಾರ ಇಲ್ಲೇ ಸೇರೋಣ ಕಣೋ," ಎಂದರು ಯಾರೋ.

ಮಾಂಸ ತರಲೆಂದು ಎದ್ದ ಬೈಸಲ್ ಬಾಗಿಲ ಬಳಿ ನಿಂತ. ಅಲ್ಲಿ ರಾಶಿ ಬಿದ್ದ ಚಪ್ಪಲಿ, ಬೂಟು ನೋಡಿದ. ಎರಡು ವರ್ಷ ತಡೆದದ್ದೆಲ್ಲ ಒಮ್ಮೆಲೇ ಕಣ್ಣಿಗೆ ನುಗ್ಗಿತು. ಕರೆದ ಅತಿಥಿಗಳ ಮುಂದೆ ಗಂಡಸು ಅಳುವುದುಂಟೇ? ಗಡಬಡಿಸಿ ಎರಡೂ ಅಂಗೈಯಿಂದ ಹಣೆಯಿಂದ ಗಲ್ಲದವರೆಗೆ ಮುಖ ಒರೆಸಿಕೊಂಡ.

ಮಾತಿನ ಗದ್ದಲದಲ್ಲಿ ಬೇರೆ ಯಾರೂ ಗಮನಿಸಲಿಲ್ಲ. ಆದರೆ ದೋರೊನ್‌ರಿಗೆ ಮಾತೆಲ್ಲ ಇರುವುದು ಕೈಯಲ್ಲೇ. ಎರಡು ಅಂಗೈ ಮುಖದ ಮೇಲೆ ಇಳಿದರೆ ಊಟ ಮುಗಿಯಿತು, ಪ್ರಾರ್ಥನೆ ಆಯಿತು, ಇನ್ನು ಏಳಬೇಕು. ಆಮೇಲೆ ಯಾವ ಕಿರ್ಗಿಜನೂ ತುತ್ತು ಮುಟ್ಟುವುದಿಲ್ಲ. ಮುದುಕರು ಆತಿಥೇಯನತ್ತ ಪ್ರೀತಿಯಿಂದ ತಲೆಯಾಡಿಸಿ, ಅಂಗೈ ಬಿಚ್ಚಿ, ತಾವೂ ಮುಖ ಸವರಿಕೊಂಡರು. ಹಿರಿಯರ ಕೈ ಇಳಿದ ಮೇಲೆ ಉಳಿದವರಿಗೆ ದಾರಿಯೆಲ್ಲಿ? ಸಾಲಾಗಿ ಎಲ್ಲರ ಕೈಗಳೂ ಎದ್ದು ಇಳಿದವು.

"ಓಮಿನ್," ಎಂದು ಪ್ರಾರ್ಥನೆ ಮುಗಿಸಿದರು ಅಧ್ಯಕ್ಷರು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

"ಅಲ್ಲ, ಮಾಂಸ?" ಕಲಿಚಾ ಪಿಸುಗುಟ್ಟಿದಳು.

"ಓಮಿನ್ ಆದ್ಮೇಲೆ ಇನ್ನೇನು ಎಜೆ. ಕಟ್ಟಿಸ್ಕೊಂಡು ಹೋಗೋಣ," ಎಂದರು ಅಧ್ಯಕ್ಷರು.

"ಕೂತ್ಕೊಳ್ಳಿ, ನಾನು ಸುಮ್ನೆ... ಬೆವರು ಒರೆಸ್ಕೊಂಡೆ," ಎಂದು ಬೈಸಲ್ ತೊದಲಿದ.

"ಈ ಚಳೀಲಿ ಬೆವರಾ?" ಎನ್ನುತ್ತ ಅಧ್ಯಕ್ಷರು ಬೂಟು ಹುಡುಕತೊಡಗಿದರು. ಅಳು ಬಂತು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಕಲಿಚಾ ಕಡಾಯಿಯ ಮಾಂಸವನ್ನು ವಯಸ್ಸಿನ ಪ್ರಕಾರ ಪಾಲು ಮಾಡಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದಳು. ಹಿರಿಯರ ಪಾಲಾದ ಕುರಿಯ ತಲೆ ಮೇಸ್ತ್ರಿಗೆ ಸಂದಿತು. ವ್ಯಾನು ಹತ್ತುವ ಮುನ್ನ ದೋರೊನ್ ಬೈಸಲ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಆಮೇಲೆ ಬಹಳ ಹೊತ್ತು ಕೈಮಾತಾಡಿದರು.

"ನೀವು ಬಲವಂತ ಮಾಡಿ ಕೂರಿಸ್ಕೊಳ್ತೀರೇನೋ ಅಂದ್ಕೊಂಡಿದ್ರಂತೆ," ಎಂದಳು ಸೈರಾ. "ನೀವೇ ಕೈ ಇಳಿಸಿ ಬೇಗ ಕಳಿಸಿಕೊಟ್ರಿ. ಮನೇಲಿ ನನ್ನ ಹೆಂಡತಿ ಕಾಯ್ತಿರ್ತಾಳೆ ಅನ್ನೋದು ಇವನಿಗೆ ಅರ್ಥ ಆಯ್ತಲ್ಲ, ದೊಡ್ಡ ಮನಸು ಅಂತಿದಾರೆ."