ಶಾಲೆ ಕಟ್ಟಿದವನೂ ನಮ್ಮ ಬಚ್ಚಲುಮನೆಯ ಚಿಲಕವೂ

ಸ್ವಾಮೀ, ಪುಸ್ತಕವನ್ನು ಈಳಿಗೆಮಣೆಯ ಮೇಲೆ ಹೆಚ್ಚುವುದನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಅದೂ ನನ್ನ ಸ್ವಂತ ಅಡುಗೆಮನೆಯಲ್ಲಿ!

ನನ್ನ ಧರ್ಮಪತ್ನಿ ಪ್ರೇಮಾ ತರೀಕೆರೆಯಲ್ಲಿ ಒಂದು ಓದುಗರ ಬಳಗ ಕಟ್ಟಿದ್ದಾಳೆ. ಅಜ್ಜಂಪುರದಿಂದ ರಿಟೈರ್ಡ್ ಟೀಚರ್ ಸಾವಿತ್ರಮ್ಮ ಬರುತ್ತಾರೆ, ಎದುರುಮನೆಯಿಂದ ಬ್ಯಾಂಕಿನ ನಿಖಿತಾ ಬರುತ್ತಾಳೆ. ಜನ ಸಾಲದೆಂದು ನನ್ನನ್ನೂ ಸದಸ್ಯನನ್ನಾಗಿ ಮಾಡಿಕೊಂಡಿದ್ದಾರೆ (ಅರ್ಜಿ ಹಾಕಿದ ನೆನಪು ನನಗಿಲ್ಲ). ಈ ಸಲದ ಪುಸ್ತಕ, ಯಾರೋ ಮಹಾನುಭಾವ ದೂರದ ಬೆಟ್ಟದ ದೇಶಕ್ಕೆ ಹೋಗಿ ಬಡಮಕ್ಕಳಿಗೆ ಶಾಲೆ ಕಟ್ಟಿದ ಆತ್ಮಕಥೆ. ಇದ್ದದ್ದು ಒಂದೇ ಪ್ರತಿ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡುವಷ್ಟರಲ್ಲಿ ವರ್ಷ ಕಳೆಯುತ್ತದೆಂದು ಪ್ರೇಮಾ ಅದನ್ನು ಕುಂಬಳಕಾಯಿಯಂತೆ ಹೋಳು ಮಾಡಿ ಹಂಚಿಬಿಟ್ಟಳು. ಅವರವರ ಹೋಳಿನ ಕಥೆ ಅವರವರು ಹೇಳಬೇಕು, ಉಳಿದವರು ಕೇಳಬೇಕು. ಮೊದಲ ಹೋಳು ಸಾವಿತ್ರಮ್ಮನವರಿಗೆ ಹೋಯಿತು, ನನಗೆ ನಡುವಿನದು ಬಂತು, ಕೊನೆಯದು ಪ್ರೇಮಾಳಿಗೆ; ಬ್ಯಾಂಕಿನ ಕೆಲಸದ ನಿಖಿತಾಳಿಗೆ ಮಾತ್ರ ಕೇಳುವುದಷ್ಟೇ ಪಾಲು.

"ನಿಮ್ ಪಾಲು ಓದಿದ್ರೇನ್ರೀ?" ದಿನಾ ಇದೇ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: "ಬಚ್ಚಲುಮನೆ ಚಿಲಕ ಹಾಕಿದ್ರೇನ್ರೀ?"

ಚಿಲಕ ಯುಗಾದಿಗೆ ಮುರಿದದ್ದು, ಈಗ ದಸರಾ ಬಂದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋದವರು ಜೋರಾಗಿ ಹಾಡುತ್ತಿರಬೇಕು. ಹಾಡು ನಿಂತರೆ ಒಳಗೆ ಯಾರೂ ಇಲ್ಲವೆಂದು ಅರ್ಥ. ವ್ಯವಸ್ಥೆ ಸುಸೂತ್ರವಾಗಿಯೇ ನಡೆದಿತ್ತು. ಹೊಸ ಚಿಲಕ ತಂದು ಕಿಟಕಿಯಲ್ಲಿ ಇಟ್ಟೂ ಇದ್ದೆ. ಗಂಡಸಾದವನು ಇನ್ನೆಷ್ಟು ಮಾಡಬೇಕು?

ಅವಳ ಕಾಟ ತಾಳಲಾರದೆ ಓದಿದೆ. ಓದಿ ಮೈ ಉರಿದುಹೋಯಿತು! ಈತ ಪರದೇಶದಲ್ಲಿ ಕಲ್ಲು ಹೊತ್ತು ಗೋಡೆ ಎಬ್ಬಿಸುತ್ತಿದ್ದಾನೆ, ಇತ್ತ ಅವನ ಮನೆಯ ಸೂರು ಸೋರುತ್ತಿದೆ. ಹೆಂಡತಿ ಕಾಗದ ಬರೆದರೆ ಉತ್ತರವೇ ಇಲ್ಲ! ನನ್ನ ಹೋಳು ಅಲ್ಲಿಗೆ ಮುಗಿದಿತ್ತು.

ಭಾನುವಾರ ಬಳಗ ಸೇರಿತು. ಮೊದಲ ಹೋಳು ಓದಿದ್ದ ಸಾವಿತ್ರಮ್ಮ ಕಣ್ಣೊರೆಸಿಕೊಂಡು, "ದೇವರಂಥ ಮನುಷ್ಯ ಕಣ್ರೀ. ತನ್ನ ಕೋಟು ಮಾರಿ ಮಕ್ಕಳಿಗೆ ಬ್ಲಾಕ್‌ಬೋರ್ಡ್ ತಂದ್ಕೊಟ್ಟಿದಾರೆ" ಎಂದರು.

ನಾನು ಎದ್ದು ನಿಂತೆ. "ಯಾವ ಸೀಮೆ ದೇವರು ಮೇಡಂ? ಹೆಂಡ್ತಿ ಬಡ್ಕೊಂಡ್ರೂ ಮನೆ ರಿಪೇರಿ ಮಾಡದೋನು ಲೋಕ ಉದ್ಧಾರ ಮಾಡ್ತಾನಂತೆ! ನಾಚ್ಕೆ ಆಗ್ಬೇಕು ಅವನಿಗೆ! ಅಂಥೋನು ಒಬ್ಬ ಗಂಡನಾ?"

ಮೇಜು ಗುದ್ದಿದೆ. ನಿಖಿತಾ ಚಪ್ಪಾಳೆ ತಟ್ಟಿದಳು. ಪ್ರೇಮಾ ನಿಧಾನವಾಗಿ ತನ್ನ ಹೋಳು ಬಿಡಿಸಿದಳು.

"ಈಗ ನನ್ ಪಾಲು ಕೇಳಿ. ಅವನಿಗೆ ನಾಚ್ಕೆ ಆಯ್ತು. ಊರಿಗೆ ಬಂದ. ಹೆಗಲ ಮೇಲಿನ ಚೀಲಾನೂ ಇಳಿಸ್ದೆ ಏಣಿ ಹತ್ತಿ ಸೂರು ಸರಿ ಮಾಡ್ದ. ಆಮೇಲೆ ಹೆಂಡ್ತೀನೂ ಕರ್ಕೊಂಡು ಹೋಗಿ ಇನ್ನೊಂದು ಶಾಲೆ ಕಟ್ಟಿದ. ಅಷ್ಟೇ ಕಥೆ."

ಅಷ್ಟರಲ್ಲಿ ಸಾವಿತ್ರಮ್ಮ ಎದ್ದು, "ಬಚ್ಚಲುಮನೆ ಎಲ್ಲಮ್ಮ?" ಎಂದು ಕೇಳಬೇಕೇ!

"ಹಿಂದ್ಗಡೆ ಮೇಡಂ. ಒಳಗಿರೋ ಅಷ್ಟು ಹೊತ್ತೂ ಜೋರಾಗಿ ಹಾಡ್ತಿರಿ."

"ಹಾಡ್ಬೇಕಾ? ಯಾಕೆ?"

"ನಮ್ಮನೆಯವ್ರನ್ನ ಕೇಳಿ."

ಮೂವರೂ ನನ್ನನ್ನೇ ನೋಡಿದರು. ನಾನು ಸ್ಕ್ರೂಡ್ರೈವರ್ ಹಿಡಿದು ಓಡಿದೆ, ಬೆವರು ಒರೆಸಿಕೊಳ್ಳದೆ ಚಿಲಕ ಜಡಿದೆ, "ದಯಮಾಡಿಸಿ ಮೇಡಂ" ಎಂದೆ.

ಸಾವಿತ್ರಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಹೊರಗಡೆ ಹಾಕಿದೀರಲ್ರೀ!"

ಬಿಚ್ಚುವವರೆಗೆ ಕಾಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬಾಗಿಲು ಹಾಕಿಕೊಂಡರು. ಮರುಗಳಿಗೆಯೇ ಒಳಗಿನಿಂದ ಶಾಲೆಯ ಬೆಳಗಿನ ಪ್ರಾರ್ಥನೆ, ಅದೂ ಮೈದಾನದ ಕೊನೆಯ ಸಾಲಿಗೆ ಕೇಳಿಸುವ ದನಿಯಲ್ಲಿ, ಮೊಳಗಿತು. ಹಳೆಯ ಅಭ್ಯಾಸ ನೋಡಿ, ನಾವು ಮೂವರೂ ಸಾಲಾಗಿ ನಿಂತು ಕೈಮುಗಿದೆವು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇನ್ನೂ ಇತ್ತು.

ಪ್ರೇಮಾ ಕಣ್ಣುಮುಚ್ಚಿಕೊಂಡೇ ಪಿಸುಗುಟ್ಟಿದಳು: "ಅಂತೂ ನೀವೂ ಒಂದು ಶಾಲೆ ಕಟ್ಟಿದ್ರಿ ಬಿಡ್ರೀ."