ನಿಲಂಗಾದಲ್ಲಿ ನಿಂತ ಪ್ರಾರ್ಥನೆ, ಬೇವಿನ ಕೆಳಗೆ ಕುಂತ ಆಯಿ

ಮುದುಕರಿಗೆ ಧೈರ್ಯ ಹೇಳಲು ಹೋದಾಗಲೆಲ್ಲ ಅವರಿಂದಲೇ ಧೈರ್ಯ ಹೇಳಿಸಿಕೊಂಡು ಬರುವುದು ನನ್ನ ಹಣೆಬರಹ. ಪಾದ್ರಿಯಾದವನು ಹಣೆಬರಹ ಅನ್ನಬಾರದು, ಗೊತ್ತು. ಆದರೆ ಒಮ್ಮೆ ಆದರೆ ಆಕಸ್ಮಿಕ ಅನ್ನಬಹುದು, ವಾರವಾರ ಆದರೆ ಏನನ್ನಬೇಕು?

ಗಡಿಯಾಚೆ ಆ ದೊಡ್ಡ ಭೂಕಂಪವಾಗಿ ಕೆಲವು ವರ್ಷ ಕಳೆದ ಮೇಲೆ ನನ್ನನ್ನು ಬೀದರ ಕಡೆಯಿಂದ ಉಮರ್ಗಾಕ್ಕೆ ಹಾಕಿದರು. ಹೆದ್ದಾರಿಯ ಪಕ್ಕದಲ್ಲಿ ತಗಡಿನ ಸಣ್ಣ ಚರ್ಚು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುವ ಪದ್ಧತಿ. ಗುರುವಾರ ಮಧ್ಯಾಹ್ನ ವಯಸ್ಸಾದವರಿಗೆ ಬೈಬಲ್ ಪಾಠ, ವಿಷಯ ‘ಮುಪ್ಪಿನಲ್ಲಿ ನೆಮ್ಮದಿ’. ಪಾಠ ಹೇಳುವ ನನಗೆ ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ.

ಒಳಗೆ ಬರುವ ದಿನ

ಮೊದಲ ಗುರುವಾರ ಎಲ್ಲರೂ ಒಳಗೆ ಬಂದು ಕುಂತರು. ಒಬ್ಬ ಮುದುಕಿ ಮಾತ್ರ ಬಾಗಿಲ ಹೊರಗೆ ಬೇವಿನ ಕೆಳಗೆ ಚಾಪೆ ಹಾಸಿ ಕುಂತಳು. ಭಾಲ್ಕಿ ಕಡೆಯಿಂದ ಪಕ್ಕದ ತುರೋರಿ ಹಳ್ಳಿಗೆ ಸೊಸೆಯಾಗಿ ಬಂದವಳು. ಎಲ್ಲರಿಗೂ ಆಯಿ.

“ಆಯಿ, ಒಳಗ ಬರ್ರಿ” ಅಂದೆ.

“ನೀ ಜೋರ್ಲೆ ಹೇಳು ತಮ್ಮಾ. ನನಗ ಇಲ್ಲೇ ಕೇಳಸ್ತದ.”

ಆಮೇಲೆ ಉಳಿದವರು ಹೇಳಿದರು. ಭೂಮಿ ನಡುಗಿದ ಹೊತ್ತಿಗೆ ಆಕೆ ಎಮ್ಮೆಗೆ ಮೇವು ಹಾಕಲು ಅಂಗಳಕ್ಕೆ ಬಂದಿದ್ದಳಂತೆ. ಕಲ್ಲು ಮಣ್ಣಿನ ಮಾಳಿಗೆ ಒಳಗಿದ್ದ ಗಂಡನ ಮೇಲೆ ಕುಸಿಯಿತು. ಅಂದಿನಿಂದ ಆಕೆ ಯಾವ ಮನೆಯ ಒಳಗೂ ಕಾಲಿಟ್ಟವಳಲ್ಲ. ಅಂಗಳದ ಚಪ್ಪರವೇ ಆಕೆಯ ಮನೆ. ಕರ್ತನ ರಾತ್ರಿಭೋಜನದ ರೊಟ್ಟಿಯನ್ನೂ ಪಾದ್ರಿಯೇ ಹೊರಗೆ ಒಯ್ದು ಕೊಡಬೇಕು.

ನನಗೆ ವರ್ಗವಾಗುವುದರೊಳಗೆ ಈಕೆ ತನ್ನ ಕಾಲಿನಿಂದಲೇ ಈ ಹೊಸ್ತಿಲು ದಾಟಬೇಕು ಎಂದು ಹಟ ಹಿಡಿದೆ. ಪ್ರತಿ ವಾರ ಕರೆಯುತ್ತಿದ್ದೆ. ಕಡೆಗೆ ಒಂದು ದಿನ ಆಕೆಯೇ ನನ್ನನ್ನು ಸಮಾಧಾನ ಮಾಡಿದಳು.

“ಬರ್ತೀನೋ ತಮ್ಮಾ, ಬರ್ತೀನಿ. ನಾಕ್ ಮಂದಿ ಹೊತ್ಕೊಂಡು ಬರ್ತಾರಲ್ಲಾ, ಅವತ್ತ ಸೀದಾ ಒಳಗೇ ಬರ್ತೀನಿ. ಅವತ್ತ ಮ್ಯಾಲೆ ಏನ್ ಬಿದ್ರೇನು?”

ಬಸ್ಸಿನ ಪ್ರಾರ್ಥನೆ

ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ಇದ್ದರು. ಉಮರ್ಗಾ–ಉದಗೀರ ಗಾಡಿಯಲ್ಲೇ ಜೀವನ ಸವೆಸಿದವರು. ಅವರ ಪ್ರಾರ್ಥನೆಯೂ ಅದೇ ದಾರಿ ಹಿಡಿಯುತ್ತಿತ್ತು. ಉಮರ್ಗಾದಲ್ಲಿ ಹೊರಟರೆ ದಾರಿಯ ಒಂದು ಊರನ್ನೂ ಬಿಡದೆ, ಅಲ್ಲಿನ ರೋಗಿಗಳು, ಬಾಣಂತಿಯರು, ಪರೀಕ್ಷೆಗೆ ಕುಂತ ಹುಡುಗರು, ಎಲ್ಲರನ್ನೂ ಹತ್ತಿಸಿಕೊಂಡೇ ಮುಂದೆ ಹೋಗುವರು. ಚಹಾ ಮಾಡುವ ಹೆಣ್ಣುಮಕ್ಕಳು ಕಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕುತ್ತಿದ್ದರು. “ಇನ್ನಾ ನಿಲಂಗಾ ಬಂದಿಲ್ಲ, ಒಲಿ ಹಚ್ಚಬ್ಯಾಡ.”

ಒಂದು ಗುರುವಾರ “ಕರ್ತನೇ, ನಿಲಂಗಾದ ನಿನ್ನ ಮಕ್ಕಳನ್ನು…” ಅಂದವರು ಸುಮ್ಮನಾದರು. ಭಾವುಕರಾದರೆಂದು ಕಾದೆವು. ನಾನು ಮೆಲ್ಲಗೆ ಒಂದು ಕಣ್ಣು ತೆರೆದು ನೋಡಿದರೆ ಗದ್ದ ಎದೆಗೆ ಆನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸೋಣವೆಂದು ಭುಜದ ಮೇಲೆ ಕೈಯಿಡಬೇಕು ಅನ್ನುವಷ್ಟರಲ್ಲಿ, ತೆರೆದ ಬಾಗಿಲಿಂದ ನೋಡುತ್ತಿದ್ದ ಆಯಿ ಬೇವಿನ ಕೆಳಗಿನಿಂದ ಕೂಗಿದಳು.

“ಎಬ್ಬಸ್ಬ್ಯಾಡ್ರೋ! ನಿಲಂಗಾದಾಗ ಗಾಡಿ ಚಹಾಕ್ಕ ನಿಲ್ತದ.”

ಹಳೆಯ ಸಿಟ್ಟು

ಸಾಯುವ ಮುಂಚೆ ಎಲ್ಲರನ್ನೂ ಕ್ಷಮಿಸಿ ಮನಸ್ಸು ಹಗುರ ಮಾಡಿಕೊಳ್ಳಿ ಎಂದು ಒಂದು ವಾರ ಬಹಳ ಚೆನ್ನಾಗಿ ಪಾಠ ಹೇಳಿದೆ. ಬಹಳ ಚೆನ್ನಾಗಿ ಹೇಳಿದ್ದೇ ತಪ್ಪಾಯಿತು. ಒಬ್ಬ ಮುದುಕ ಮರುದಿನವೇ ಬಸ್ಸು ಹಿಡಿದು ಜಳಕೋಟದ ಬೀಗರ ಮನೆಗೆ ಹೋದ. ಅಂಗಳದಲ್ಲಿ ನಿಂತು, ನೆರೆಹೊರೆಯವರೆಲ್ಲ ಕೇಳುವಂತೆ ಒಂದೊಂದೇ ಕ್ಷಮಿಸಿದ.

“ಮದುವ್ಯಾಗ ನಮ್ಮ ಊಟಕ್ಕ ಹೆಸರಿಟ್ರಿ, ಉಪ್ಪಿಲ್ಲ ಖಾರಿಲ್ಲ ಅಂದ್ರಿ, ಕ್ಷಮಾ ಮಾಡೀನಿ. ಕುಂಟ ಎತ್ತ ಚಲೋ ಅದ ಅಂತ ಹೇಳಿ ಕೊಡಿಸಿದ್ರಿ, ಅದೂ ಕ್ಷಮಾ ಮಾಡೀನಿ. ನಿಮ್ಮ ತಾಯಿ ನನಗ ಜಿಪುಣ ಅಂದಾಳ, ಆಕಿಗೂ ಕ್ಷಮಾ ಮಾಡೀನಿ.”

ಬೀಗರಿಗೆ ಇದರಲ್ಲಿ ಅರ್ಧ ನೆನಪೇ ಇರಲಿಲ್ಲ. ಅವರೂ ತಿರುಗಿ ಬೈಯಲು ಬಾಯಿ ತೆರೆದರು. ಊಟವಿಲ್ಲದೆ ವಾಪಸ್ ಬಂದ ಮುದುಕನನ್ನು ಮುಂದಿನ ಗುರುವಾರ ಕೇಳಿದೆ. “ಹಳೇ ಸಿಟ್ಟು ಹೋಯ್ತೇನ್ರೀ ಕಾಕಾ?”

“ಹಳೇವು ಒಂದೂ ಉಳದಿಲ್ರೀ, ಪಾದ್ರಿ ಸಾಹೇಬ್ರ. ಈಗ ಅದಾವಲ್ಲ, ಎಲ್ಲಾ ಹೊಸಾವ!”

ಲಾರಿ

ನನ್ನ ವರ್ಗದ ಸುದ್ದಿ ಬಂತು. ಆಯಿ ಇನ್ನೂ ಬೇವಿನ ಕೆಳಗೇ ಇದ್ದಳು. ಉಳಿದದ್ದು ಒಂದೇ ಗುರುವಾರ. ನಾನು ಆಕೆಗಾಗಿಯೇ ಕೀರ್ತನೆ ಆರಿಸಿದೆ. ಭೂಮಿ ಅಲ್ಲಾಡಿದರೂ ಬೆಟ್ಟ ಕಡಲಿಗೆ ಕುಸಿದರೂ ದೇವರು ಆಸರೆಯಾಗಿರುವಾಗ ನಮಗೆ ಅಂಜಿಕೆಯಿಲ್ಲ ಅನ್ನುವ ಕೀರ್ತನೆ. ಬಾಗಿಲ ಕಡೆ ಮುಖ ಮಾಡಿ, ಹೊರಗೆ ಕೇಳಲೆಂದು ಎದೆ ತುಂಬ ಗಾಳಿ ತೆಗೆದುಕೊಂಡು ಓದತೊಡಗಿದೆ.

ಆ ವಾರವಷ್ಟೇ ಚರ್ಚಿನ ಮುಂದಿನ ರಸ್ತೆಗೆ ಹೊಸ ಸ್ಪೀಡ್ ಬ್ರೇಕರ್ ಹಾಕಿದ್ದರು. ಕಲ್ಲು ತುಂಬಿದ ಲಾರಿಯೊಂದು ಅದನ್ನು ನೋಡದೆ ಹಾರಿತು. ಧಡ್ ಎಂದು ನೆಲ ನಡುಗಿತು, ತಗಡು ಗಡಗಡ ಅಂದಿತು. ಮುದುಕರು ಮಂಡಿ ಹಿಡಿದು ಏಳುವುದರೊಳಗೆ ಲಾರಿ ಮುಂದೆ ಹೋಗಿತ್ತು. ನಾನು ಅದಕ್ಕೂ ಮುಂಚೆ ಹೋಗಿದ್ದೆ. ಬೈಬಲ್ ಎಲ್ಲೋ, ನಾನೆಲ್ಲೋ. ಬರಿಗಾಲಲ್ಲಿ, ಬೇವಿನ ಕೆಳಗೆ, ಆಯಿಯ ಚಾಪೆಯ ಮೇಲೆ ಕುಂತಿದ್ದೆ.

ಆಯಿ ನಗಲಿಲ್ಲ. ನನ್ನ ಎದೆಯ ಮೇಲೆ ಕೈಯಿಟ್ಟು ನೋಡಿದಳು. “ಯವ್ವಾ, ಎಷ್ಟ್ ಬಡಕೊಳ್ಳಕತ್ತದ! ಲಾರಿ ಅದ ತಮ್ಮಾ, ಲಾರಿ.”

ಒಳಗಿನಿಂದ ಕಂಡಕ್ಟರ್ ಕೇಳಿದರು, “ಸಾಹೇಬ್ರ, ಪಾಠ ಮುಗೀತೇನ್ರೀ?”

ನಾನು ಚಾಪೆ ಬಿಟ್ಟು ಏಳಲಿಲ್ಲ. “ಇವತ್ತ ಇಲ್ಲೇ ಕುಂತು ಹೇಳ್ತೀನಿ, ಆಯಿ” ಅಂದೆ.

“ಬ್ಯಾಡ” ಅಂದಳು. “ಒಮ್ಮಿ ಹೊರಗ ಕುಂತ್ರ ಮತ್ತ ಒಳಗ ಹೋಗೋದು ಭಾಳ ಕಷ್ಟ. ನನಗ ಗೊತ್ತದ. ಏಳು, ನಾ ಬರ್ತೀನಿ ಜೋಡಿ.”

ನನ್ನ ಕೈ ಹಿಡಿದು ಎಬ್ಬಿಸಿದಳು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು, ಮೇಲೆ ತಗಡನ್ನು ನೋಡಿದಳು, ನನ್ನ ಕೈಯನ್ನು ಇನ್ನಷ್ಟು ಗಟ್ಟಿ ಹಿಡಿದಳು, ದಾಟಿದಳು. ನನ್ನನ್ನು ಒಯ್ದು ನನ್ನ ಜಾಗದಲ್ಲಿ ನಿಲ್ಲಿಸಿ, ಬಿದ್ದಿದ್ದ ಬೈಬಲ್ ಎತ್ತಿ ಕೊಟ್ಟು, ಮುಂದಿನ ಬೆಂಚಿನ ಮೇಲೆ ಕುಂತಳು. ನನಗೆ ಕಣ್ಣು ಮಂಜಾಗಿ ಒಂದು ಅಕ್ಷರವೂ ಕಾಣಲಿಲ್ಲ.

ಅಷ್ಟರಲ್ಲಿ ಆಯಿ ಸೆರಗಿನೊಳಗಿಂದ ನನ್ನ ಚಪ್ಪಲಿ ತೆಗೆದು ನನ್ನ ಕಾಲ ಮುಂದೆ ಜೋಡಿಸಿಟ್ಟಳು. ಬರುವಾಗ ಬಾಗಿಲಲ್ಲಿ ಎತ್ತಿಕೊಂಡಿದ್ದಳು.

“ಇವು ಹಾಕ್ಕೊಂಡೇ ಓದು ತಮ್ಮಾ. ಇನ್ನೊಂದ್ ಲಾರಿ ಬಂದ್ರ, ಹೊರಗ ಮುಳ್ಳ ಭಾಳ ಅವ.”